ಕಣದ ಹೊರಗೆ ಬಿಟ್ಟ ಚಪ್ಪಲಿ

ಆಗಸ್ಟ್ 4, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು. ನಮ್ಮ ಆಟದೊಳಗಿನ ರೈತ, ದಿನಾ ನಾನು ಹೇಳಿದ ಕಡೆ ನಡೆಯೋನು, ಹೊಲದ ಮಧ್ಯೆ ನಿಂತುಬಿಟ್ಟ. ಎಷ್ಟು ಬಟನ್ ಒತ್ತಿದರೂ ಅಲ್ಲಾಡಲಿಲ್ಲ. ನಿಧಾನಕ್ಕೆ ತಿರುಗಿ ಪರದೆಯೊಳಗಿಂದ ನನ್ನನ್ನೇ ನೋಡಿ, "ಏನ್ಲಾ ಬೆಟ್ಟಸ್ವಾಮಿ, ಇದನ್ನ ನೋಡ್ಲಿಲ್ವೇನ್ಲಾ?" ಅಂದ. ಯಾವುದನ್ನ ಅಂತ ಕೇಳೋಣ ಅಂದರೆ ಬಾಯಿ ಕಟ್ಟಿಹೋಗಿತ್ತು. ಎಚ್ಚರ ಆದಾಗ ಎರಡು ಹೆಬ್ಬೆರಳೂ ದಿಂಬನ್ನ ಒತ್ತುತಾ ಇದ್ದವು.

ಅವ್ವನಿಗೆ ಹೇಳಿದೆ. "ಸೊಳ್ಳೆಪರದೆ ಕಟ್ಕೊಂಡು ಮಲಿಕೋ ಅಂದ್ರೆ ಕೇಳಲ್ಲ ನೀನು" ಅಂದಳು. ಕನಸಿಗೂ ಸೊಳ್ಳೆಗೂ ಏನು ಸಂಬಂಧವೋ.

ಕನಸು ಬೀಳೋಕೆ ಕಾರಣ ಇದೆ. ಇವತ್ತು ಆಟ ಕಳಿಸೋ ದಿನ. 'ಸುಗ್ಗಿಪುರ' ಅಂತ ಅದರ ಹೆಸರು. ಕೈಯಲ್ಲಿ ಹಿಡಿದು ಆಡೋ ಪುಟ್ಟ ಕನ್ಸೋಲಿಗೆ ಮಾಡಿರೋದು. ಉಳಬೇಕು, ರಾಗಿ ಬಿತ್ತಬೇಕು, ಕಳೆ ಕೀಳಬೇಕು, ಎಮ್ಮೆ ಹಾಲು ಕರೀಬೇಕು, ಸುಗ್ಗಿ ಮಾಡಬೇಕು. ಯಾರೂ ಯಾರನ್ನೂ ಹೊಡೆಯೋದಿಲ್ಲ. ತುಮಕೂರಿನ ಎಸ್.ಎಸ್. ಪುರಂನಲ್ಲಿ ಜೆರಾಕ್ಸ್ ಅಂಗಡಿ ಮೇಲಿನ ಎರಡು ರೂಮಲ್ಲಿ ಮೂರೇ ಜನ ಸೇರಿ ಮಾಡಿದ್ದು. ಚಿತ್ರ ಬರೆಯೋದು, ಎಲ್ಲರನ್ನೂ ನಡೆಸೋದು ಅಪರ್ಣ ಮೇಡಂ. ಕಂಪ್ಯೂಟರಿಗೆ ಅರ್ಥ ಆಗೋ ಹಾಗೆ ಬರೆಯೋದು ಅಮೃತೂರಿನ ಪ್ರದ್ಯುಮ್ನ. ನನ್ನ ಕೆಲಸ ಆಡೋದು. ಆಡಿ ಆಡಿ ಎಲ್ಲಿ ಕೆಡುತ್ತೆ ಅಂತ ಹುಡುಕೋದು.

ನಾನು ಗುಬ್ಬಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದೋನು. ಮೇಡಂ ಒಂದು ದಿನ ಫೋನ್ ತಂದಿದ್ದರು. ಇದಕ್ಕೆ ಮುಂದೆ ಏನೇನು ಆಗಬಹುದು ಅಂತ ನಾನು ಒಂದೊಂದೇ ಹೇಳಿ ಹೆದರಿಸ್ತಾ ಹೋದೆ. "ನೀವು ಎಲ್ಲಾದಕ್ಕೂ ಹೀಗೇ ಹೆದರ್ತೀರಾ?" ಅಂದರು. ಹೌದು ಅಂದೆ. "ಹಾಗಾದ್ರೆ ನಮ್ಮಲ್ಲಿಗೆ ಬನ್ನಿ" ಅಂದರು. ಪಿಯುಸಿ ಅರ್ಧಕ್ಕೆ ಬಿಟ್ಟೋನು ಅಂತ ಅವತ್ತೇ ಹೇಳಿಬಿಟ್ಟೆ, ಆಮೇಲೆ ಗೊತ್ತಾಗಿ ಬೈಯೋದು ಬೇಡ ಅಂತ.

ಕನ್ಸೋಲ್ ಕಂಪನಿಯವರು ತಾವೇ ಆಡಿ ನೋಡ್ತಾರಂತೆ. ಎಲ್ಲೂ ಸಿಕ್ಕಿಕೊಳ್ಳಲ್ಲ ಅಂತ ಅವರು ಒಪ್ಪಿದರೆ ಮಾತ್ರ ಮಾರಾಟಕ್ಕೆ ಬಿಡೋದು. ದೀಪಾವಳಿಯೊಳಗೆ ಬರಲಿಲ್ಲ ಅಂದರೆ ನಮ್ಮ ಆಟಕ್ಕೆ ದುಡ್ಡು ಹಾಕಿರೋ ಪಬ್ಲಿಷರ್ ಕೈ ಬಿಡ್ತಾನೆ. ಅವನು ಬಿಟ್ಟರೆ ಮೇಡಂ ಬಾಗಿಲು ಹಾಕ್ತಾರೆ. ನಾನು ಗುಬ್ಬಿಗೆ ವಾಪಸ್ಸು. ಅಲ್ಲಿ ನನ್ನ ಸ್ಟೂಲ್ ಮೇಲೆ ಈಗ ಬೇರೆಯವನು ಕೂತವ್ನೆ.

ಸಂಜೆ ಕಳಿಸಿದರು. ಬಟನ್ ಒತ್ತಿದ್ದು ಮೇಡಂ. ಬೆವರಿದ್ದು ನಾನು.

ಆಗಸ್ಟ್ 7, ಗುರುವಾರ

ಏನೂ ಸುದ್ದಿ ಇಲ್ಲ. ಮಳೆ ಹುಯ್ಯುವಾಗ ರೈತ ಬಾವಿಗೆ ಇಣುಕಿದರೆ ಏನಾಗುತ್ತೆ ಅಂತ ನೋಡಿದ್ದೆನಾ? ನೋಡಿದ್ದೆ. ನೋಡಿದ್ದೆ ಅಂತ ಅಂದುಕೊಂಡಿದ್ದೀನಿ. ವಾಪಸ್ಸು ಬರೋವಾಗ ರೈಲಲ್ಲಿ ನಮ್ಮೂರು ನಿಟ್ಟೂರು ಬಂದರೂ ಇಳಿಯೋದು ಮರೆತಿದ್ದೆ, ಪಕ್ಕದವರು ಎಬ್ಬಿಸಿದರು. ಕಣ್ಣು ಬಿಟ್ಟುಕೊಂಡೇ ಇದ್ದೆನಂತೆ.

ಆಗಸ್ಟ್ 13, ಬುಧವಾರ

ಬಂತು. ಫೇಲ್.

ಏನಾಯ್ತು ಅಂತ ನಿಧಾನವಾಗಿ ಬರೀತೀನಿ. ಬರೆದರೆ ಎದೆ ಹೊಡ್ಕೊಳ್ಳೋದು ಕಮ್ಮಿ ಆಗುತ್ತೆ.

ಆಟಕ್ಕೆ ರಾಗಿ ಒಕ್ಕೋ ಕಣ ಹೇಗಿರಬೇಕು ಅಂತ ನೋಡೋಕೆ ಹೋದ ವರ್ಷ ಮೂವರೂ ಪ್ರದ್ಯುಮ್ನನ ಊರು ಅಮೃತೂರಿಗೆ ಹೋಗಿದ್ದೆವು. ಅವನ ಅಜ್ಜಿ ಕೌಸಲ್ಯಮ್ಮನವರು ದೂರದಿಂದಲೇ ಕೂಗಿಕೊಂಡರು, "ಚಪ್ಪಲಿ ಬಿಡ್ರೋ! ಅನ್ನ ಬೀಳೋ ಜಾಗ!" ಆ ಕಣದಲ್ಲಿ ರಾಗಿಯೂ ಇರಲಿಲ್ಲ, ಹುಲ್ಲೂ ಇರಲಿಲ್ಲ, ಬೆಡ್‌ಶೀಟ್ ಒಣಗುತಾ ಇದ್ದವು. ಆದರೂ ಬಿಟ್ಟೆವು. ಹಾಗಾಗಿ ಸುಗ್ಗಿಪುರದ ರೈತನೂ ಕಣದ ಅಂಚಲ್ಲಿ ಚಪ್ಪಲಿ ಬಿಡ್ತಾನೆ. ಬರಿಗಾಲಲ್ಲಿ ಹೊರಗಿನ ಮುಳ್ಳಿನ ದಾರಿ ತುಳಿಯಲ್ಲ. ರಾಶಿ ಪೂಜೆ ಆದಮೇಲೆ ಬೆಳಗಾಗೋ ತನಕ ಕಣದೊಳಕ್ಕೆ ಮತ್ತೆ ಕಾಲಿಡೋ ಹಾಗಿಲ್ಲ. ಬೆಳಗಾಗಬೇಕು ಅಂದರೆ ಅವನು ಮನೆಗೆ ಹೋಗಿ ಮಲಗಬೇಕು.

ಕನ್ಸೋಲ್ ಕಂಪನಿಯ ಪರದೇಶದ ಪರೀಕ್ಷೆಯವನು ಒಂದು ಕಡೆ ಚಪ್ಪಲಿ ಬಿಟ್ಟಿದ್ದಾನೆ, ಪೂಜೆ ಮಾಡಿದ್ದಾನೆ, ಎದುರು ಕಡೆಯ ಅಂಚಿಗೆ ಇಳಿದಿದ್ದಾನೆ! ಚಪ್ಪಲಿ ಆ ಕಡೆ, ರೈತ ಈ ಕಡೆ. ಹಿಂದೆ ಕಣ, ಉಳಿದ ಕಡೆಯೆಲ್ಲಾ ಮುಳ್ಳು. ಅಲ್ಲಾಡೋ ಹಾಗಿಲ್ಲ. ಮನೆಗೆ ಹೋಗೋ ಹಾಗಿಲ್ಲ, ಬೆಳಗಾಗೋ ಹಾಗಿಲ್ಲ.

ನಾವು ಮೂವರೂ ಅಷ್ಟೊಂದು ಸಲ ಆಡಿದ್ದೀವಿ, ಒಬ್ಬರೂ ಎದುರು ಕಡೆ ಇಳಿದಿಲ್ಲ. ಯಾಕೆ ಇಳೀತೀವಿ? ಚಪ್ಪಲಿ ಬಿಟ್ಟ ಕಡೆಗೆ ತಾನೇ ಜನ ವಾಪಸ್ಸು ಬರೋದು. ದೇವರ ಮುಂದೆ ಕೈ ಮುಗಿದು ನಿಂತಾಗಲೂ ಅರ್ಧ ಮನಸ್ಸು ಚಪ್ಪಲಿ ಹತ್ತಿರವೇ ಇರುತ್ತಲ್ಲ.

ಪ್ರದ್ಯುಮ್ನ ತಲೆ ಮೇಲೆ ಕೈ ಇಟ್ಟುಕೊಂಡು, "ಚಪ್ಪಲಿ ಮರ್ತು ಹೋಗೋ ಜನ ಈ ಭೂಮಿ ಮೇಲೆ ಇದಾರೆ ಅಂತ ನಂಗೇನ್ ಗುರು ಗೊತ್ತು?" ಅಂದ.

ಇದನ್ನ ಹಿಡೀಬೇಕಾಗಿದ್ದೋನು ನಾನು. ಮೇಡಂ ಬೈಯಲಿಲ್ಲ. "ಬೆಟ್ಟಸ್ವಾಮಿ, ಊಟ ಆಯ್ತಾ?" ಅಂದರು. ಕೆಲಸದಿಂದ ತೆಗೆಯೋಕೆ ಮುಂಚೆ ಹೀಗೆ ಊಟ ಕೇಳ್ತಾರೆ ಅಂತ ಎಲ್ಲೋ ಕೇಳಿದ್ದೀನಿ. ಆಯ್ತು ಅಂತ ಸುಳ್ಳು ಹೇಳಿದೆ.

ಆಗಸ್ಟ್ 14, ಗುರುವಾರ

ಕೆಲಸದಿಂದ ತೆಗೆಯಲಿಲ್ಲ. ಇವತ್ತಿಗೆ.

ಇನ್ನೊಂದು ಸಲ ಕಳಿಸಬಹುದಂತೆ. ಅದೂ ಫೇಲಾದರೆ ದೀಪಾವಳಿಗೆ ಆಗಲ್ಲ, ಅಲ್ಲಿಗೆ ಮುಗೀತು. ಪ್ರದ್ಯುಮ್ನ ಸುಲಭದ ದಾರಿ ಹೇಳಿದ. "ಚಪ್ಪಲಿ ಬಿಡೋದನ್ನೇ ತೆಗೆದುಬಿಡೋಣ ಮೇಡಂ. ಹಾಕ್ಕೊಂಡೇ ಕಣಕ್ಕೆ ಹೋಗ್ಲಿ. ಆಡೋರಿಗೆ ಏನ್ ಗೊತ್ತಾಗುತ್ತೆ?"

ಮೇಡಂ ನನ್ನ ಮುಖ ನೋಡಿದರು. ನಾನು "ಆಗ್ಲಿ ಮೇಡಂ" ಅಂದುಬಿಟ್ಟೆ. ಮಧ್ಯಾಹ್ನದೊಳಗೆ ಅವನು ಬದಲಾಯಿಸಿದ. ಪರೀಕ್ಷೆ ಮಾಡೋಕೆ ಕನ್ಸೋಲ್ ಮನೆಗೆ ತಂದೆ.

ಅವ್ವ ಸಂಜೆ ಕಡ್ಲೆಕಾಯಿ ಬಿಡಿಸ್ತಾ ಪಕ್ಕದಲ್ಲಿ ಕೂತಿದ್ದಳು. ರೈತ ಚಪ್ಪಲಿ ಕಾಲಲ್ಲೇ ರಾಶಿ ಪಕ್ಕಕ್ಕೆ ನಡೆದ. ಅವ್ವ ಕೈ ನಿಲ್ಲಿಸಿದಳು.

"ಯಾರ್ಲಾ ಇವ್ನು? ಇವನಿಗೆ ಮನೇಲಿ ಹೇಳ್ಕೊಡೋರು ಯಾರೂ ಇಲ್ವಾ?"

"ಅವ್ವ, ಈಗ ಎಲ್ಲಾರೂ ಟಾರ್ ರೋಡಲ್ಲೇ ತಾನೇ ರಾಗಿ ಹಾಕೋದು? ಮೇಲೆ ಲಾರೀನೇ ಹೋಗ್ತವೆ."

"ಲಾರಿಗೆ ಕಾಲಿಲ್ಲ ಕಣ್ಲಾ, ಅದು ಎಲ್ಲಿಂದ ಚಪ್ಪಲಿ ಬಿಡ್ತದೆ? ಇವನಿಗೆ ಕಾಲು ಅವೆಯಲ್ಲ!"

ಕನ್ಸೋಲ್ ಆರಿಸಿ ನಾನೂ ಕಡ್ಲೆಕಾಯಿ ಬಿಡಿಸೋಕೆ ಕೂತೆ.

ಆಗಸ್ಟ್ 16, ಶನಿವಾರ

ಬೆಳಗ್ಗೆ ರೈಲಿಗೆ ಹೊರಡೋಣ ಅಂತ ನೋಡ್ತೀನಿ, ಎಡಗಾಲಿನ ಚಪ್ಪಲಿ ಇಲ್ಲ. ನಮ್ಮ ಬೀದಿಯ ಕೆಂದ ನಾಯಿಯದೇ ಕೆಲಸ. ಅದು ಒಂದನ್ನ ಮಾತ್ರ ಒಯ್ಯೋದು, ಒಯ್ದು ಎದುರುಮನೆ ಚಿಕ್ಕಮಾರಮ್ಮನ ಬಾಗಿಲಿಗೆ ಹಾಕೋದು. ಯಾವತ್ತೂ ಅಲ್ಲಿಗೇ.

ಚಿಕ್ಕಮಾರಮ್ಮ ಬೀದಿಗೆಲ್ಲ ಕೇಳೋ ಹಾಗೆ, "ಏನಪ್ಪಾ ಬೆಟ್ಟಸ್ವಾಮಿ, ದಿನಾ ಚಪ್ಪಲಿ ಕಳಿಸ್ತೀಯ. ನೀನು ಯಾವಾಗ ಬರ್ತೀಯ, ನಮ್ಮುಡುಗೀನ ನೋಡೋಕೆ?" ಅಂದಳು. ಅವಳ ಹುಡುಗಿ ಇನ್ನೂ ಒಂದನೇ ಕ್ಲಾಸು. ಕೇಳಿದೋರೆಲ್ಲ ನಕ್ಕರು. ನಾನು ಚಪ್ಪಲಿ ತಗೊಂಡು ಓಡಿದೆ.

ಗುಬ್ಬಿ ದಾಟಿದ ಮೇಲೆ ರೈಲಲ್ಲಿ ಕಾಲು ನೋಡಿಕೊಂಡೆ. ಥಟ್ಟನೆ ಒಂದು ಉಪಾಯ ಹೊಳೀತು. ಎಸ್.ಎಸ್. ಪುರಂ ತನಕ ಬಾಯಲ್ಲಿ ಅದೇ ಮಾತು ಹೇಳಿಕೊಂಡು ಹೋದೆ, ಮರೆತುಹೋದೀತು ಅಂತ.

"ಮೇಡಂ, ನಾಯಿ ತಂದುಕೊಡ್ಲಿ."

ಪ್ರದ್ಯುಮ್ನ ನಕ್ಕ. "ಬೆಟ್ಟಣ್ಣ, ನಾಯಿ ಚಪ್ಪಲಿ ತಗೊಂಡ್ ಹೋಗುತ್ತೆ. ತಂದ್ ಕೊಟ್ಟಿದ್ದನ್ನ ಎಲ್ಲಾದ್ರೂ ನೋಡಿದ್ಯಾ?"

"ತಗೊಂಡ್ ಹೋಗಿ ಯಾರ ಹತ್ರನೋ ಹಾಕೇ ಹಾಕ್ತದಲ್ಲ. ನಮ್ಮ ರೈತನ ಹತ್ರ ಹಾಕ್ಲಿ. ಚಪ್ಪಲಿ ಹಾಕ್ಕೊಂಡು ಕಣಕ್ಕೆ ಹೋಗೋದು ಮಾತ್ರ ಬ್ಯಾಡ."

ಹೇಳಿ ನೀರು ಕುಡಿಯೋಕೆ ಹೊರಗೆ ಹೋದೆ. ವಾಪಸ್ಸು ಬಂದಾಗ ಮೇಡಂ ಆಗಲೇ ಆಟದಲ್ಲಿದ್ದ ನಾಯಿಯನ್ನ ಹೊಸದಾಗಿ ಬರೀತಾ ಇದ್ದರು. "ಕಿವಿ ಹೇಗಿರುತ್ತೆ ಬೆಟ್ಟಸ್ವಾಮಿ?" ಒಂದು ನಿಗುರಿ, ಒಂದು ಮಡಚಿ ಅಂದೆ.

ಆಗಸ್ಟ್ 25, ಸೋಮವಾರ

ನಾಯಿ ಬಂತು. ಮೊದಲ ಸಲ ಓಡಿದ್ದು ನೆಟ್ಟಗೆ ರಾಶಿ ಮೇಲೆ ಹತ್ತಿ! ನಾನು ಕೂಗಿಕೊಂಡೆ. ಕಣವನ್ನ ಸುತ್ತಿ ಬರಬೇಕು ಅಂದೆ, ಪ್ರದ್ಯುಮ್ನ ಹಾಗೇ ಮಾಡಿದ. ಒಂದು ಚಪ್ಪಲಿ ತಂದು ಹಾಕುತ್ತೆ, ಬಾಲ ಅಲ್ಲಾಡಿಸುತ್ತೆ, ಹೋಗಿ ಇನ್ನೊಂದು ತರುತ್ತೆ. ಈ ನಾಯಿ ಆಟದಲ್ಲಿ ಮೊದಲೇ ಸಣ್ಣ ಪಾತ್ರದಲ್ಲಿ ಇತ್ತು, ರೊಟ್ಟಿ ಹಾಕಿದರೆ ಮನೆಗೆ ಸೇರಿಕೊಳ್ಳೋದು. ಈಗ ಮಾನ ಬಂತು.

ನಾವೇ ಆಡಿದರೆ ಮತ್ತೆ ನಮ್ಮ ದಾರೀಲೇ ಹೋಗ್ತೀವಿ. ಹೇಗ್ಹೇಗೋ ಆಡೋರು ಬೇಕು ಅಂತ ನಿನ್ನೆ ಪ್ರದ್ಯುಮ್ನನ ಜೊತೆ ಕುಣಿಗಲ್ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಕಾಯ್ತಾ ಕೂತೋರ ಕೈಗೆ ಕನ್ಸೋಲ್ ಕೊಡೋದು, ಹಿಂದೆ ನಿಂತು ನೋಡೋದು. ಪರಿಚಯ ಇಲ್ಲದೋರನ್ನ ಮಾತಾಡಿಸೋಕೆ ನನಗೆ ಹೆದರಿಕೆ. ನಾಲ್ಕು ಜನ ಆದಮೇಲೆ ಯಾಕೋ ಹೆದರೋದು ನೆನಪಾಗಲಿಲ್ಲ.

ಪ್ರೈವೇಟ್ ಬಸ್ಸಿನ ಕಂಡಕ್ಟರ್ ನಾಗೇಶ್ ಅಂತ, ಬೀಜ ಕೈಯಲ್ಲಿದ್ದರೂ ಬಿತ್ತಲೇ ಇಲ್ಲ. ಊರೆಲ್ಲಾ ಸುತ್ತಿಕೊಂಡು ಹೋದ.

"ಬಿತ್ತಲ್ವಾ ಅಣ್ಣ?"

"ಮನೇಲಿ ಬಿತ್ತಿದ್ದು ಸಾಲ್ದಾ? ಇಲ್ಲೂ ದುಡೀಲಾ? ನಂಗೆ ರಜಾ ಕಣಪ್ಪ."

ನಾಯಿ ಕಾಲಿಗೆ ಅಡ್ಡ ಬಂತು. "ಹಚಾ!" ಅಂತ ಓಡಿಸಿದ. ಬಸ್ಸು ಹೊರಡೋ ಹೊತ್ತಾಯ್ತು, ಕನ್ಸೋಲ್ ಕೊಟ್ಟು ಓಡಿದ. ಪ್ರದ್ಯುಮ್ನ ಹೊಟ್ಟೆ ಹಿಡ್ಕೊಂಡು ನಕ್ಕ.

ಸೆಪ್ಟೆಂಬರ್ 3, ಬುಧವಾರ

ಶುಕ್ರವಾರ ಕಳಿಸೋದು ಅಂತ ಆಯ್ತು. ಹತ್ತೂವರೆಗೆ ರಾಹುಕಾಲ ಶುರು, ಅದಕ್ಕೆ ಮುಂಚೆ ಕಳಿಸಲೇಬೇಕು ಅಂತ ಹಠ ಹಿಡಿದು ಒಪ್ಪಿಸಿದ್ದೀನಿ. ಮೇಡಂಗೆ ನಗು.

ಇತ್ತೀಚೆಗೆ ಎಲ್ಲದಕ್ಕೂ ನನ್ನನ್ನೇ ಕೇಳ್ತಾರೆ. "ಬೆಟ್ಟಸ್ವಾಮಿ ಹೂಂ ಅಂದ್ರಾ?" ಅಂತ ಮೇಡಂ, "ಬೆಟ್ಟಣ್ಣ, ಒಂದ್ಸಲ ಇದನ್ನ ಕೆಡಿಸಿ ನೋಡು" ಅಂತ ಪ್ರದ್ಯುಮ್ನ. ಕೂತು ನೆಮ್ಮದಿಯಾಗಿ ಹೆದರೋಕೂ ಬಿಡುವಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಕೈ ಇನ್ನೂ ಬಿಸಿಯಾಗಿದೆ. ಬರೀತೀನಿ.

ಬೆಳಗ್ಗೆ ಮೇಡಂ ಕಂಪ್ಯೂಟರಿಗೆ ಕುಂಕುಮ ಇಟ್ಟರು. ಪ್ರದ್ಯುಮ್ನ ಊದುಬತ್ತಿ ಹಚ್ಚಿದ. ರಾಹುಕಾಲಕ್ಕೆ ಇನ್ನೂ ಹೊತ್ತಿತ್ತು. ಕೆಳಗೆ ಬೀದಿಯಲ್ಲಿ ಯಾರೋ ನಾಯಿಯನ್ನ "ಹಚಾ!" ಅಂದರು.

ನನ್ನ ಕಣ್ಣ ಮುಂದೆ ಕುಣಿಗಲ್ ಕಂಡಕ್ಟರ್ ಬಂದುಬಿಟ್ಟ. ಅವನು ನಾಯಿಯನ್ನ ಓಡಿಸಿದ್ದ. ರೊಟ್ಟಿ ಹಾಕಿರಲಿಲ್ಲ. ಅಂಥವನು ಸುಗ್ಗಿ ತನಕ ಆಡಿ, ಕಣದಿಂದ ಎದುರು ಕಡೆ ಇಳಿದರೆ? ಅವನಿಗೆ ನಾಯಿಯೇ ಇಲ್ಲ. ಚಪ್ಪಲಿ ಯಾರು ತರ್ತಾರೆ?

"ಕಳಿಸ್ಬೇಡಿ ಮೇಡಂ."

ಮೇಡಂ ಬೆರಳು ಹಾಗೇ ಮೇಲೆ ನಿಂತಿತು.

"ಏನ್ ಗುರು ನೀನು!" ಪ್ರದ್ಯುಮ್ನ ರೇಗಿದ. "ರಾಹುಕಾಲಕ್ಕೆ ಮುಂಚೆ ಕಳಿಸ್ಬೇಕು ಅಂತ ತಲೆ ತಿಂದಿದ್ದು ನೀನೇ. ಈಗ ಬೇಡ ಅಂತೀಯ!"

"ರಾಹುಕಾಲದಲ್ಲೇ ಕಳ್ಸೋಣ ಬುಡು. ಮೊದ್ಲು ನಾಯಿ ಸಾಕದೆ ಆಡೋಣ."

"ನಾಯಿ ಸಾಕದೆ ಯಾರಪ್ಪ ಆಡ್ತಾರೆ? ಅಷ್ಟು ಮುದ್ದಾಗಿದೆ ಅದು."

"ಚಪ್ಪಲಿ ಮರ್ತು ಯಾರು ಹೋಗ್ತಾರೆ ಅಂತಲೂ ಅಂದಿದ್ದೆ ನೀನು."

ಮೇಡಂ ಕುರ್ಚಿ ಹಿಂದಕ್ಕೆ ತಳ್ಳಿ, "ಆಡಿ" ಅಂದರು. ಆಡಿದೆ. ರೊಟ್ಟಿ ಹಾಕಲಿಲ್ಲ, ನಾಯಿಯನ್ನ ಓಡಿಸಿದೆ, ಮಧ್ಯದ್ದು ಬಿಟ್ಟು ನೇರ ಸುಗ್ಗಿಗೆ ಹಾರಿದೆ, ಪೂಜೆ ಮಾಡಿ ಎದುರು ಕಡೆ ಇಳಿದೆ. ರೈತ ನಿಂತ. ನಿಂತೇ ಇದ್ದ. ಎಡಕ್ಕೆ, ಬಲಕ್ಕೆ, ಯಾವ ಬಟನ್ನಿಗೂ ಅಲ್ಲಾಡಲಿಲ್ಲ. ರೂಮಲ್ಲಿ ಊದುಬತ್ತಿ ಹೊಗೆ ಬಿಟ್ಟರೆ ಬೇರೇನೂ ಅಲ್ಲಾಡ್ತಾ ಇರಲಿಲ್ಲ.

"ಅಯ್ಯೋ ಶಿವನೇ" ಅಂದ ಪ್ರದ್ಯುಮ್ನ. ಆಮೇಲೆ ನನ್ನ ಕತ್ತು ಹಿಡಿದು ಅಲ್ಲಾಡಿಸಿದ. ಸಿಟ್ಟಿಗೋ ಪ್ರೀತಿಗೋ ಗೊತ್ತಾಗಲಿಲ್ಲ. ಎರಡೂ ಇರಬೇಕು.

ಮೇಡಂ ಕೇಳಿದರು, "ಈಗ ಏನ್ಮಾಡೋಣ ಬೆಟ್ಟಸ್ವಾಮಿ?"

"ಓಡಿಸಿದ್ರೂ ಬರ್ಲಿ ಮೇಡಂ. ನಮ್ಮ ಬೀದಿ ನಾಯಿಗೆ ನಾನು ಒಂದಿನಾನೂ ತುತ್ತು ಹಾಕಿಲ್ಲ, ಬೈದಿದ್ದೇ ಹೆಚ್ಚು. ಆದ್ರೂ ಬರ್ತದೆ. ನಾಯಿಗೆ ಸೇಡು ಇರಲ್ಲ."

ಪ್ರದ್ಯುಮ್ನ ಊಟಕ್ಕೂ ಏಳದೆ ಬರೆದ. ನಾನು ಸಾಕಿದ ನಾಯಿ, ಸಾಕದ ನಾಯಿ, ಓಡಿಸಿದ ನಾಯಿ, ಮಳೆಯಲ್ಲಿ ನಾಯಿ, ಎಲ್ಲಾ ಆಡಿ ನೋಡಿದೆ. ಪ್ರತಿ ಸಲವೂ ಬಂತು. ಸುತ್ತಿಕೊಂಡೇ ಬಂತು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. ಹೂಂ ಅಂದೆ. ಮೇಡಂ ಒತ್ತಿದರು.

ಆಗ ಯಾವ ಕಾಲ ನಡೀತಾ ಇತ್ತೋ, ಪಂಚಾಂಗ ನೋಡೋದು ಮರೆತೇ ಹೋಗಿತ್ತು.

ಸೆಪ್ಟೆಂಬರ್ 9, ಮಂಗಳವಾರ

ನಿದ್ದೆ ಚೆನ್ನಾಗಿ ಬಂತು. ಬರೆಯೋಕೆ ಏನೂ ಇಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಪಾಸ್! ಪಾಸ್! ಪಾಸ್!

ಮೇಡಂ ಮೇಲ್ ತೆಗೆದರು, ಓದಿದರು, ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತರು. ಫೇಲೇ ಅಂದುಕೊಂಡೆ. ಪ್ರದ್ಯುಮ್ನ ಪರದೆಗೆ ಬಗ್ಗಿ ನೋಡಿ ಕಿರುಚಿದ ಕಿರುಚಿಗೆ, ಕೆಳಗಿನ ಜೆರಾಕ್ಸ್ ಅಂಗಡಿ ನಾಗಭೂಷಣ್ ಸಾರ್ ಮೇಲೆ ಓಡಿ ಬಂದರು. "ಏನ್ರೀ, ಸಜ್ಜಾ ಬಿತ್ತಾ?" ಪ್ರದ್ಯುಮ್ನ ಅವರನ್ನೂ ಎತ್ತಿ ಸುತ್ತಿಸಿಬಿಟ್ಟ. ಅವರ ಕನ್ನಡಕ ಬಿತ್ತು, ಒಡೆಯಲಿಲ್ಲ. ಇವತ್ತು ಏನೂ ಒಡೆಯೋ ದಿನ ಅಲ್ಲ.

ಮೇಡಂ ಮೆಟ್ಟಿಲಲ್ಲಿ ಕಣ್ಣು ಒರೆಸ್ಕೊಂಡು ನಗ್ತಾ ಇದ್ದರು. "ಒಂದೇ ಒಂದು ತಪ್ಪೂ ಇಲ್ವಂತೆ ಬೆಟ್ಟಸ್ವಾಮಿ. ನಾಯಿ ಬಗ್ಗೆ ಕೊನೇಲಿ ಒಂದು ಸಾಲು ಬರೆದಿದಾರೆ, ತುಂಬಾ ಇಷ್ಟ ಆಯ್ತು ಅಂತ. ಅದು ಅವರು ಬರೆಯೋ ಹಾಗೇ ಇಲ್ಲವಂತೆ, ಆದ್ರೂ ಬರೆದಿದಾರೆ."

ಅವ್ವನಿಗೆ ಫೋನ್ ಮಾಡಿದೆ.

"ಅವ್ವ, ಪಾಸಾಯ್ತು!"

"ಎಷ್ಟು ಮಾರ್ಕ್ಸ್‌ಲಾ?"

"ಮಾರ್ಕ್ಸ್ ಇರಲ್ಲ ಅವ್ವ ಇದಕ್ಕೆ."

"ಮಾರ್ಕ್ಸ್ ಇಲ್ಲದೆ ಪಾಸಾಗೋದು ಇನ್ನೂ ಕಷ್ಟ ಬುಡು" ಅಂದಳು. ಆಮೇಲೆ ಫೋನ್ ಇಡೋಕೆ ಮರೆತು ಬೀದಿಯವರಿಗೆಲ್ಲ ಕೂಗಿ ಹೇಳ್ತಾ ಇದ್ದದ್ದು ನನಗೆ ಕೇಳಿಸ್ತಾನೇ ಇತ್ತು. ಚಿಕ್ಕಮಾರಮ್ಮನ ನಗುವೂ ಕೇಳಿಸಿತು.

ಪ್ರದ್ಯುಮ್ನ ಅಮೃತೂರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಕೌಸಲ್ಯಮ್ಮನವರದು ಒಂದೇ ಪ್ರಶ್ನೆ. "ಚಪ್ಪಲಿ ಬಿಟ್ಟೇ ಹೋಗ್ತಾರೇನೋ ಕಣಕ್ಕೆ?"

"ಬಿಟ್ಟೇ ಹೋಗ್ತಾರೆ ಅಜ್ಜಿ."

"ಪರದೇಶದೋರೂ?"

"ಅವರೂ."

"ಹಂಗಿರ್ಬೇಕು" ಅಂದರು ಅಜ್ಜಿ, ಪರದೇಶವೆಲ್ಲ ಅವರ ಹಟ್ಟಿಯ ಮುಂದೆ ಸಾಲಾಗಿ ನಿಂತಿರೋ ಹಾಗೆ.

ಮೂವರೂ ತಟ್ಟೆ ಇಡ್ಲಿ ತಿಂದೆವು. ಎಷ್ಟು ತಿಂದೆ ಅಂತ ಬರೆಯಲ್ಲ. ಹೊಟ್ಟೆ ಕೆಡಬಹುದು ಅಂತ ತಿನ್ನುವಾಗ ಹೊಳೆಯಲೇ ಇಲ್ಲ.

ಅಕ್ಟೋಬರ್ 19, ಭಾನುವಾರ

ಗುರುವಾರ ಸುಗ್ಗಿಪುರ ಹೊರಗೆ ಬಂತು, ಹಬ್ಬಕ್ಕೆ ಮುಂಚೆಯೇ. ಪಬ್ಲಿಷರ್ ಇನ್ನೊಂದು ಆಟ ಮಾಡಿ ಅಂದಿದ್ದಾನೆ. ಮೇಡಂ ಇನ್ನೊಂದು ರೂಮ್ ನೋಡ್ತಾ ಇದ್ದಾರೆ. ಪರೀಕ್ಷೆಗೆ ಇಬ್ಬರನ್ನ ತಗೋಬೇಕಂತೆ. ಅವರನ್ನ ನಾನೇ ಆರಿಸಬೇಕಂತೆ. ಚೆನ್ನಾಗಿ ಹೆದರೋರು ಸಿಗೋದು ಸುಲಭ ಅಲ್ಲ, ಹುಡುಕಬೇಕು.

ಇವತ್ತು ಪ್ರದ್ಯುಮ್ನನ ಮನೆಗೆ ಅಂತ ಕುಣಿಗಲ್ ಬಸ್ಸು ಹತ್ತಿದೆ. ಹಬ್ಬದ ರಷ್ಷು. ಕಿಟಕಿ ಪಕ್ಕ ಒಬ್ಬಳು ಕಾಲೇಜ್ ಹುಡುಗಿ, ಕೈಯಲ್ಲಿ ಕನ್ಸೋಲ್. ಬೇರೆಯವರ ಕೈಯಲ್ಲಿರೋದನ್ನ ಇಣುಕಿ ನೋಡಬಾರದು ಅಂತ ಆ ಕಡೆ ತಿರುಗಿದೆ. ರಾಗಿ ಕಣದ ಹಾಡು ಕೇಳಿಸಿತು. ತಿರುಗಿಬಿಟ್ಟೆ.

ನಮ್ಮದೇ!

ಹುಡುಗಿಯ ರೈತ ಚಪ್ಪಲಿ ಬಿಟ್ಟ, ರಾಶಿಗೆ ಪೂಜೆ ಮಾಡಿದ. ಅವಳು ಅವನನ್ನ ಎದುರು ಕಡೆಗೆ ಇಳಿಸಿದಳು. ನಾನು ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡ್ಕೊಂಡೆ. ನಾಯಿ ಬಂತು. ಕಣ ಸುತ್ತಿಕೊಂಡು, ಒಂದು ಕಿವಿ ಮಡಚಿಕೊಂಡು, ಬಾಯಲ್ಲಿ ಚಪ್ಪಲಿ ಕಚ್ಚಿಕೊಂಡು ಬಂತು. ಹುಡುಗಿ ಇಡೀ ಬಸ್ಸು ತಿರುಗೋ ಹಾಗೆ ನಕ್ಕಳು. "ಅಯ್ಯೋ, ನಾನು ಇದನ್ನ ಓಡಿಸಿದ್ದೆ ಕಣೇ!" ಅಂತ ಪಕ್ಕದ ಗೆಳತಿಗೆ ತೋರಿಸಿದಳು.

ನನ್ನ ಕಡೆ ನೋಡಿ, "ಅಂಕಲ್, ನೀವೂ ಆಡ್ತೀರಾ ಇದನ್ನ?" ಅಂದಳು. ಅಂಕಲ್ ಅಂದಿದ್ದಕ್ಕೆ ಬೇಜಾರಾಗಲಿಲ್ಲ.

"ಆಡ್ತೀನಮ್ಮ. ಅದೇ ಕೆಲಸ."

ಗೂಳೂರು ದಾಟೋ ತನಕ ಅವಳು ತೋರಿಸ್ತಾ ಹೋದಳು, ನಾನು ಗೊತ್ತಿಲ್ಲದೋನ ಹಾಗೆ ನೋಡ್ತಾ ಹೋದೆ. ಆಟದಲ್ಲಿ ಬೆಳಗಾಯ್ತು, ಎಮ್ಮೆ ಮೇವಿಗೆ ಹೊರಟಿತು. ನಾನು ನಗು ನಿಲ್ಲಿಸಿ ಹತ್ತಿರ ಬಗ್ಗಿದೆ. ಬಸ್ಸು ಇಳಿಯೋ ಮುಂಚೆಯೇ ಮೇಡಂಗೆ ಕಳಿಸಿದ್ದನ್ನ ಇಲ್ಲಿ ಬರೆದಿಡ್ತೀನಿ.

"ಮೇಡಂ, ಹಬ್ಬದ ಹೊತ್ತಲ್ಲಿ ತೊಂದರೆ ಕೊಡ್ತಾ ಇದ್ದೀನಿ. ಬೆಳಗ್ಗೆ ಹೊತ್ತು ಎಮ್ಮೆ ನೆರಳು ಸೂರ್ಯನ ಕಡೆಗೇ ಬೀಳ್ತಾ ಇದೆ. ಎತ್ತಿಗೆ ಸರಿಯಾಗಿದೆ, ಮರಕ್ಕೆ ಸರಿಯಾಗಿದೆ, ಎಮ್ಮೆಗೆ ಮಾತ್ರ ಹಾಗಿದೆ. ಬಸ್ಸು ಅಲ್ಲಾಡ್ತಾ ಇತ್ತು, ನನ್ನ ಕಣ್ಣೇ ತಪ್ಪಿರಬಹುದು. ಇಲ್ಲ, ತಪ್ಪಿಲ್ಲ. ಎಮ್ಮೆ ನೆರಳು ಇನ್ನೊಂದ್ಸಲ ನೋಡಿ."